ಗಂಟಲಿಗೆ ತಕ್ಕ ಬೆಳಕು

ಬಲ್ಬಕ್ಕನಿಗೆ ಆ ಹೆಸರು ಬಂದದ್ದು ಅಂಗಡಿಯಿಂದ. ದೀಪಗಳ ಅಂಗಡಿಯೊಂದರಲ್ಲಿ ನಿಂತು, ಮನೆಯ ಯಾವ ಮೂಲೆಗೆ ಎಂಥ ಬಲ್ಬು ಒಪ್ಪುತ್ತದೆ ಎಂದು ಗಿರಾಕಿಗಳಿಗೆ ಹೇಳುವುದು ಅವಳ ಕೆಲಸ. ತಲೆಯ ಮೇಲೆ ಮಾದರಿ ದೀಪಗಳು ಹಗಲಿಡೀ ಉರಿಯುತ್ತಿದ್ದುದರಿಂದ ಕಣ್ಣು ಕಿರಿದು ಮಾಡಿಯೇ ಮಾತಾಡುವುದು ಅವಳಿಗೆ ರೂಢಿಯಾಗಿತ್ತು. ಇವಳಿಗೇಕೋ ನಮ್ಮ ಮೇಲೆ ಅನುಮಾನ ಎಂದು ಹೊಸಬರು ಅಂದುಕೊಳ್ಳುತ್ತಿದ್ದರು. ಅನುಮಾನವೂ ಇಲ್ಲ, ಮಣ್ಣೂ ಇಲ್ಲ. ಯಾರ ಮನಸ್ಸಿಗೂ ನೋವಾಗದಂತೆ ಬದುಕಬೇಕು ಎನ್ನುವ ಜಾತಿಯ ಹೆಂಗಸು ಅವಳು. ಪೇಚಿಗೆ ಸಿಕ್ಕಿದ್ದೂ ಅದರಿಂದಲೇ.

ಅವಳ ಭಾವ, ಅಂದರೆ ಅಕ್ಕನ ಗಂಡ, ಸೋಫಾ ವ್ಯಾಪಾರಿ. ಸೋಫಾ ಮಾರಾಟವಾಗುವುದು ನಿಂತಾಗ ಅವನಿಗೆ ಒಂದು ಯೋಚನೆ ಹೊಳೆಯಿತು. ಅಂಗಡಿಯ ಮಹಡಿಯಲ್ಲಿ ಕರೋಕೆ ಹಾಲ್ ಮಾಡಿದರೆ ಹೇಗೆ? ಸೋಫಾ ಹೇಗೂ ಇವೆ, ಕೂರುವವರು ಬಂದರೆ ಆಯಿತು. ಹಿನ್ನೆಲೆ ಸಂಗೀತ ಯಂತ್ರದಿಂದ ಬರುತ್ತದೆ, ಹಾಡಿನ ಸಾಲು ಪರದೆಯ ಮೇಲೆ ಬರುತ್ತದೆ, ಹಾಡು ಬಂದವರ ಬಾಯಿಂದ ಬರುತ್ತದೆ. ತನಗೇನು ಖರ್ಚು?

"ಲೈಟು ಮಾತ್ರ ನೀನೇ ಆರಿಸ್ಬೇಕಮ್ಮಾ," ಎಂದ ನಾದಿನಿಗೆ. "ಮನೇಲೇ ಬಲ್ಬು ಮಾರೋರು ಇರುವಾಗ ಹೊರಗಿನೋರನ್ನ ಯಾಕೆ ಕೇಳ್ಲಿ?"

"ಭಾವಾ, ನಾನು ಮಾರೋದು ಊಟದ ಮನೆ ಲೈಟು, ಬಚ್ಚಲು ಲೈಟು. ಸ್ಟೇಜ್ ಲೈಟೇ ಬೇರೆ."

"ಎರಡಕ್ಕೂ ಸ್ವಿಚ್ಚು ಇರತ್ತೋ ಇಲ್ವೋ?"

ಬಲ್ಬಕ್ಕ ಭಾವನ ಜೊತೆ ಹೊರಟಳು. ಊರ ಹೊರಗಿನ ಗೋದಾಮಿನಲ್ಲಿ ಮಾರಾಟದವನು ಎಲ್ಲ ಲೈಟುಗಳನ್ನೂ ಒಟ್ಟಿಗೆ ಹಾಕಿ ತೋರಿಸಿದ. ತಲೆ ತಿರುಗಿಸುವ ಲೈಟು, ಹಸಿರು ಗೆರೆ ಎಳೆಯುವ ಲೇಸರು, ಕನ್ನಡಿ ಚೂರು ಅಂಟಿಸಿದ ಗುಂಡು, ಮಿಂಚಿನ ಹಾಗೆ ಹೊಡೆಯುವ ಇನ್ನೊಂದು, ಮೂಲೆಯಲ್ಲಿ ಬುಸುಗುಡುತ್ತ ಕೂತ ಹೊಗೆ ಮೆಷೀನು. ಬಲ್ಬಕ್ಕ ಹಾಡುವವರ ಮುಖದ ಮೇಲೆ ಬೀಳುವ ನಾಲ್ಕು ಸಾದಾ ದೀಪಗಳ ಬೆಲೆ ಕೇಳುತ್ತಿದ್ದಳು. ಭಾವ ಬಾಯಿ ಬಿಟ್ಟುಕೊಂಡು ಲೇಸರಿನ ಕೆಳಗೆ ನಿಂತಿದ್ದ. ಅವನ ಬೋಳುತಲೆಯ ಮೇಲೆ ಹಸಿರು ನಕ್ಷತ್ರಗಳು ಓಡಾಡುತ್ತಿದ್ದವು. ಕೊನೆಗೆ ಅವಳು ಆರಿಸಿದ್ದೂ ಬಂತು, ಅವನು ಆಸೆಪಟ್ಟದ್ದೂ ಬಂತು.

ಮೊದಲ ದಿನ ಭಾವ ತಾನೇ ಲೈಟಿನ ಬೋರ್ಡಿನ ಮುಂದೆ ಕೂತು ಎಲ್ಲವನ್ನೂ ಹೊತ್ತಿಸಿದ. ಬೆಳಕು ಬಿದ್ದ ರಭಸಕ್ಕೆ ಪರದೆಯ ಅಕ್ಷರಗಳು ಅಳಿಸಿಹೋದವು. ಹಾಡಲು ನಿಂತವನು ಹಣೆಗೆ ಕೈ ಅಡ್ಡ ಹಿಡಿದು, ಬಿಸಿಲಲ್ಲಿ ಬಸ್ಸಿನ ಬೋರ್ಡು ಓದುವವನ ಹಾಗೆ ಸಾಲು ಹುಡುಕಿದ. ಸಾಲು ಸಿಗುವಷ್ಟರಲ್ಲಿ ಹಾಡು ಮುಂದೆ ಹೋಗಿತ್ತು. ಹಸಿರು ಬೆಳಕಿನಲ್ಲಿ ಎಲ್ಲರೂ ಆಗಷ್ಟೇ ವಾಂತಿ ಮಾಡಿಕೊಂಡು ಬಂದವರಂತೆ ಕಂಡರು. ಡ್ಯಾನ್ಸ್ ಫ್ಲೋರು ಆಪರೇಷನ್ ಥಿಯೇಟರಿನಂತೆ ಬೆಳಗುತ್ತಿತ್ತು. ಅಲ್ಲಿಗೆ ಇಳಿಯುವ ಧೈರ್ಯ ಯಾರಿಗೂ ಬರಲಿಲ್ಲ.

"ಲೈಟು ಸಾಲ್ಲಿಲ್ಲ ಅನ್ಸತ್ತೆ," ಎಂದ ಭಾವ.

ಮರುದಿನ ಮಧ್ಯಾಹ್ನ ಬಲ್ಬಕ್ಕ ಖಾಲಿ ಹಾಲಿಗೆ ಹೋಗಿ ಅಕ್ಕನನ್ನು ಸ್ಟೇಜಿನ ಮೇಲೆ ನಿಲ್ಲಿಸಿದಳು. ಏಣಿ ಹತ್ತಿ ಒಂದೊಂದೇ ದೀಪದ ಕತ್ತು ತಿರುಗಿಸಿದಳು. ಎದುರಿನಿಂದ ನೇರವಾಗಿ ಬಿದ್ದರೆ ಮುಖ ಚಪ್ಪಟೆಯಾಗುತ್ತದೆ, ಓರೆಯಾಗಿ ಮೇಲಿಂದ ಬಿದ್ದರೆ ಮೂಗು ಮೂಗಾಗಿ ಕಾಣುತ್ತದೆ. ಬೆನ್ನ ಹಿಂದಿನಿಂದ ಒಂದು ಕೊಟ್ಟರೆ ತಲೆಗೂದಲಿಗೆ ಅಂಚು ಬರುತ್ತದೆ. ಮುಖಕ್ಕೆ ಜೇನಿನ ಬಣ್ಣ ಒಳ್ಳೆಯದು. ಪರದೆಯ ಕಡೆ ಒಂದು ಕಿರಣವೂ ಹೋಗಬಾರದು. ಡ್ಯಾನ್ಸ್ ಫ್ಲೋರಿಗೆ ಮೂಲೆಗಳಿಂದ, ಮಂಡಿಯ ಎತ್ತರದಲ್ಲಿ, ಮಬ್ಬು ಬಣ್ಣ ಸಾಕು. ಕುಣಿಯುವವರಿಗೆ ನೆಲ ಕಾಣಬೇಕು, ಪಕ್ಕದವರ ಮುಖ ಕಾಣಬಾರದು.

"ನಾನು ಹೇಗೆ ಕಾಣ್ತಿದೀನೇ?" ಅಕ್ಕ ಸ್ಟೇಜಿನಿಂದ ಕೇಳಿದಳು.

"ಮದುವೆಯಾದ ವರ್ಷ ಇದ್ದ ಹಾಗೆ."

"ಹಾಗಾದ್ರೆ ನಿಮ್ಮ ಭಾವನ್ನ ಕರಿ, ಒಂದ್ಸಲ ನೋಡ್ಲಿ."

ಮುಂದಿನ ಶನಿವಾರ ಜನ ಹಾಡಿದರು, ಕುಣಿದರು ಕೂಡ. ಅಂದಿನಿಂದ ವಾರದ ಕೊನೆಯ ಸಂಜೆಗಳಲ್ಲಿ ಬೋರ್ಡು ಬಲ್ಬಕ್ಕನ ಕೈಗೆ ಬಂತು.

ಹೊಸ ತೊಂದರೆ ಶುರುವಾದದ್ದು ಆಮೇಲೆ. ಬೆಳಕು ಸರಿಹೋದ ಮೇಲೆ ಹಾಡು ಕೇಳಿಸತೊಡಗಿತು. ಒಂದು ಸಂಜೆ ಒಬ್ಬಾತ ಎಂಥ ಅಪಸ್ವರದಲ್ಲಿ ಎತ್ತಿಕೊಂಡನೆಂದರೆ, ಸೋಫಾಗಳ ಮೇಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಾಬರಿಯಲ್ಲಿ ಬಲ್ಬಕ್ಕನ ಮೊಣಕೈ ಬೋರ್ಡಿಗೆ ತಗುಲಿತು. ತಲೆ ತಿರುಗಿಸುವ ಲೈಟುಗಳು ಜನರ ಮೇಲೆ ಹರಿದವು, ಗೋಡೆಯ ತುಂಬ ಕನ್ನಡಿ ಚುಕ್ಕಿಗಳು ಸುತ್ತಿದವು. ಜನ ತಲೆಯೆತ್ತಿ ಚುಕ್ಕಿ ನೋಡತೊಡಗಿದರು. ಹಾಡು ಮುಗಿದಾಗ ಚಪ್ಪಾಳೆಯೋ ಚಪ್ಪಾಳೆ. ಆತ ಕಣ್ಣೊರೆಸಿಕೊಂಡು ಕೆಳಗಿಳಿದ.

ಬಲ್ಬಕ್ಕನಿಗೆ ದಾರಿ ಸಿಕ್ಕಿತು. ಚೆನ್ನಾಗಿ ಹಾಡುವವರಿಗೆ ಒಂದೇ ಲೈಟು, ಅಲುಗಾಡದ್ದು. ಸುಮಾರಾಗಿ ಹಾಡುವವರಿಗೆ ಹಿಂದಿನಿಂದ ಬಣ್ಣ. ಶ್ರುತಿ ಜಾರಿದರೆ ಕನ್ನಡಿ ಗುಂಡು, ತಾಳವೂ ಜಾರಿದರೆ ಲೇಸರು. ಏನೂ ಉಳಿಯಲಿಲ್ಲ ಎಂದಾಗ ಹೊಗೆ. ಎಲ್ಲರೂ ಖುಷಿಯಾಗಿ ಮನೆಗೆ ಹೋದರು. ಯಾರಿಗೂ ಸುಳ್ಳು ಹೇಳಬೇಕಾಗಲಿಲ್ಲ ಎಂಬುದೇ ಬಲ್ಬಕ್ಕನ ಸಮಾಧಾನ.

ಎಲ್ಲ ಲೈಟುಗಳೂ ಒಟ್ಟಿಗೆ ಬೇಕಾಗುತ್ತಿದ್ದುದು ಒಬ್ಬರಿಗೆ ಮಾತ್ರ. ಅವರು ಬಸ್ ಸ್ಟ್ಯಾಂಡಿನಲ್ಲಿ ಮೈಕಿನ ಮುಂದೆ ಕೂತು ಬಸ್ಸು ಹೊರಡುವುದನ್ನು ಸಾರುತ್ತಿದ್ದವರು. ನಿವೃತ್ತಿಯಾದ ಮೇಲೂ ಎಲ್ಲರ ಬಾಯಲ್ಲಿ ಅನೌನ್ಸರೇ. ಗಂಟಲು ಕಂಚಿನದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪ್ರೇಮದ ಹಾಡಿರಲಿ, ವಿರಹದ ಹಾಡಿರಲಿ, ಅವರ ಬಾಯಲ್ಲಿ ಅದು ಪ್ರಯಾಣಿಕರ ಗಮನಕ್ಕೆ ತಂದಂತೆಯೇ ಇರುತ್ತಿತ್ತು. ಪಲ್ಲವಿ ಮುಗಿಯುವಷ್ಟರಲ್ಲಿ ಕೆಲವರು ತಮಗರಿವಿಲ್ಲದೆ ಕೈಚೀಲ ಎಳೆದುಕೊಳ್ಳುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಪ್ರತಿ ಶನಿವಾರ ತಪ್ಪದೆ ಬರುತ್ತಿದ್ದರು. ಬಲ್ಬಕ್ಕ ಹೊಗೆಯಿಂದ ಶುರುಮಾಡಿ ಲೇಸರಿನವರೆಗೆ ಯಾವುದನ್ನೂ ಉಳಿಸುತ್ತಿರಲಿಲ್ಲ.

ಒಂದು ದಿನ ಅವರು ಬೋರ್ಡಿನ ಹತ್ತಿರ ಬಂದು ಕೈಮುಗಿದರು. "ಅಮ್ಮಾ, ಬೇರೆಯವರ ಹಾಡಿಗೆ ನೀವು ಇಷ್ಟು ಮನಸ್ಸಿಟ್ಟು ಮಾಡೋದನ್ನ ನಾನು ನೋಡಿಲ್ಲ. ನನ್ನ ಮೇಲೆ ಅದೇನು ಅಭಿಮಾನವೋ!"

ಬಲ್ಬಕ್ಕನಿಗೆ ಭೂಮಿ ಬಾಯಿಬಿಟ್ಟರೆ ಸಾಕೆನ್ನಿಸಿತು. ಮನಸ್ಸು ತಡೆಯದೆ ಅಕ್ಕನ ಮುಂದೆ ಎಲ್ಲ ಹೇಳಿಕೊಂಡಳು. "ಯಾರ ಹತ್ರಾನೂ ಬಾಯಿ ಬಿಡ್ಬೇಡ," ಎಂದೂ ಹೇಳಿದಳು. ಅಕ್ಕ ಹಾಲ್‌ನ ಗಲ್ಲೆಯಲ್ಲಿ ಕೂತು ದುಡ್ಡು ತಗೊಳ್ಳುವವಳು. ಅವಳು ಇದನ್ನು ಹಲ್ಲಿನ ಡಾಕ್ಟರ ಹೆಂಡತಿಯೊಬ್ಬಳಿಗೇ ಹೇಳಿದಳು, ಅದೂ ಯಾರಿಗೂ ಹೇಳಬೇಡಿ ಎಂದು ಭಾಷೆ ತಗೊಂಡೇ. ಆಕೆಯೂ ಭಾಷೆ ತಗೊಂಡೇ ಮುಂದಿನವರಿಗೆ ಹೇಳಿದಳು. ಹೀಗೆ ಪರಮ ಗುಟ್ಟಾಗಿ ಊರಿಗೆಲ್ಲ ಗೊತ್ತಾಯಿತು.

ಮುಂದಿನ ಶನಿವಾರ ಬಂದವರೆಲ್ಲ ಮೊದಲು ಬೋರ್ಡಿನ ಹತ್ತಿರ ಬಂದರು. "ನಂಗೆ ಒಂದೇ ಲೈಟು ಸಾಕು." "ನನ್ನ ಮೇಲೆ ಆ ಗುಂಡು ತಿರುಗಿಸಿದ್ರೆ ಜೋಕೆ." "ಹೊಗೆ ಬಂದ್ರೆ ನಾನು ಇಳಿದು ಹೋಗ್ತೀನಿ."

ಆಗಲಿ ಎಂದಳು ಬಲ್ಬಕ್ಕ. ಮೊದಲು ಹತ್ತಿದವಳು ಹಲ್ಲಿನ ಡಾಕ್ಟರ ಹೆಂಡತಿ. ಇಷ್ಟು ದಿನ ಲೇಸರಿನ ನೆರಳಲ್ಲಿ ಬಾಳಿದ ಆ ಕಂಠವನ್ನು ಜನ ಅಂದು ಮೊದಲ ಸಲ ಸರಿಯಾಗಿ ಕೇಳಿದರು. ಅವಳ ಗಂಡನೂ ಕೇಳಿದ. ಹಾಡು ಮುಗಿದ ಮೇಲೆ ಯಾರೋ ಕೆಮ್ಮಿದರು, ಅಷ್ಟೇ. ಒಬ್ಬರಾದ ಮೇಲೊಬ್ಬರು ಸಾದಾ ಬೆಳಕಿನಲ್ಲಿ ನಿಂತು ತಮ್ಮ ನಿಜವನ್ನು ಹೊರಹಾಕಿ ಇಳಿದರು. ಡ್ಯಾನ್ಸ್ ಫ್ಲೋರು ಬಿಕೋ ಎನ್ನುತ್ತಿತ್ತು. ಅಲ್ಲಿ ಚೆನ್ನಾಗಿ ಹಾಡುವವಳೆಂದರೆ ಒಬ್ಬಳೇ, ಲಾಂಡ್ರಿಯ ಹೆಂಗಸು. ಅವಳು ಮಾತ್ರ ಬೇರೆ ರಾಗ ತೆಗೆದಳು.

"ಅಕ್ಕಾ, ಎಲ್ರಿಗೂ ಒಂದೇ ಲೈಟು ಹಾಕಿದ್ರೆ ನಾನು ಬೇರೆ ಅಂತ ಗೊತ್ತಾಗೋದು ಹೇಗೆ? ನಂಗೆ ಹೊಗೆ ಹಾಕಿ."

ಭಾವ ಬಾಲ ತುಳಿಸಿಕೊಂಡ ಬೆಕ್ಕಿನಂತೆ ಬಂದ. "ಏನಮ್ಮಾ ಇದು? ಇದ್ದಕ್ಕಿದ್ದ ಹಾಗೆ ಎಲ್ರೂ ಯಾಕೆ ಇಷ್ಟು ಕೆಟ್ಟದಾಗಿ ಹಾಡ್ತಿದಾರೆ?"

"ಮುಂಚೇನೂ ಹೀಗೇ ಹಾಡ್ತಿದ್ರು, ಭಾವ."

"ಹಾಗಾದ್ರೆ ನನಗೆ ಯಾಕೆ ಕೇಳಿಸ್ಲಿಲ್ಲ?"

ಗಲ್ಲೆಯಲ್ಲಿ ಅಕ್ಕ ತಲೆ ತಗ್ಗಿಸಿ ಚಿಲ್ಲರೆ ಜೋಡಿಸುತ್ತಿದ್ದಳು. ಆ ಹೊತ್ತಿಗೆ ಅನೌನ್ಸರು ಬಂದರು. ಅದೇ ಬಿಳಿ ಅಂಗಿ. ಬಲ್ಬಕ್ಕ ಎದ್ದು ನಿಂತಳು. ಏನು ಹೇಳಬೇಕೆಂದು ವಾರವಿಡೀ ಯೋಚಿಸಿದ್ದಳು, ಈಗ ಒಂದೂ ನೆನಪಾಗಲಿಲ್ಲ.

"ನಿಮಗೂ ಒಂದೇ ಲೈಟು ಹಾಕ್ಲಾ, ಯಜಮಾನ್ರೇ?"

"ಯಾಕೆ?" ಎಂದರು ಅವರು. ಆಮೇಲೆ ಪಕ್ಕದ ಸೋಫಾದ ತೋಳಿನ ಮೇಲೆ ಕೂತರು. "ನನಗೂ ಹೇಳಿದ್ರು. ಬೇಕಂತಲೇ ಮನೆವರೆಗೆ ಬಂದು ಹೇಳಿ ಹೋದ್ರು."

"ತಪ್ಪಾಯ್ತು. ನಿಮ್ಮ ಮನಸ್ಸಿಗೆ ನೋವು ಮಾಡ್ಬೇಕು ಅಂತ ಅಲ್ಲ..."

"ನೋವಾಯ್ತು. ಎರಡು ದಿನ ಊಟ ಸೇರ್ಲಿಲ್ಲ. ಆಮೇಲೆ ಯೋಚನೆ ಮಾಡಿದೆ. ಬಸ್ ಸ್ಟ್ಯಾಂಡಲ್ಲಿ ನನ್ನ ರೂಮಿಗೆ ಕಿಟಕೀನೇ ಇರ್ಲಿಲ್ಲಮ್ಮಾ. ಒಂದು ಮೈಕು, ಒಂದು ಫ್ಯಾನು, ಗೋಡೆ. ಊರೆಲ್ಲ ನನ್ನ ದನಿ ಕೇಳಿದೆ, ಮುಖ ಯಾರೂ ನೋಡಿಲ್ಲ. ತರಕಾರಿ ಅಂಗಡೀಲಿ ಬಾಯಿ ತೆಗೆದ್ರೆ ಮಾತ್ರ ತಿರುಗಿ ನೋಡ್ತಿದ್ರು. ಹಾಡು ಬರತ್ತೆ ಅಂತ ನಾನು ಇಲ್ಲಿಗೆ ಬಂದಿದ್ದಾ? ಇಷ್ಟು ಲೈಟು ನನಗೆ ಇನ್ಯಾರು ಹಾಕ್ತಾರೆ? ಒಂದೂ ಕಮ್ಮಿ ಮಾಡ್ಬೇಡಿ."

ಬಲ್ಬಕ್ಕ ಮತ್ತೆ ಬೋರ್ಡಿನ ಮುಂದೆ ಕೂತಳು. ಅವರು ಸ್ಟೇಜು ಹತ್ತಿ ಮೈಕು ಸರಿಮಾಡಿಕೊಂಡಾಗ ಅವಳು ಹೊಗೆ ಬಿಟ್ಟಳು. ಹೊಗೆಯ ಹಿಂದಿನಿಂದ ಕೆಂಪು, ಅದರ ಮೇಲೆ ಜೇನಿನ ಬಣ್ಣ, ಆಮೇಲೆ ಗುಂಡು, ಲೇಸರು, ಮಿಂಚು. ಆ ಸಂಜೆ ಒಂದು ಕೆಲಸ ಮಾತ್ರ ಹೆಚ್ಚಿಗೆ ಮಾಡಿದಳು: ಅಷ್ಟೆಲ್ಲದರ ನಡುವೆ ಅವರ ಮುಖ ಮುಳುಗದಂತೆ ಒಂದು ದೀಪವನ್ನು ಅಲುಗಾಡದಂತೆ ಉರಿಯಬಿಟ್ಟಳು. ಅನೌನ್ಸರು ವಿರಹವನ್ನು ಮೂರನೇ ಪ್ಲಾಟ್‌ಫಾರ್ಮಿನಿಂದ ಹೊರಡಿಸಿದರು. ಸಾದಾ ಬೆಳಕಿನಲ್ಲಿ ಕೂತು ಕೂತು ಬೇಸತ್ತಿದ್ದ ಜನ ಒಬ್ಬೊಬ್ಬರಾಗಿ ಡ್ಯಾನ್ಸ್ ಫ್ಲೋರಿಗೆ ಇಳಿದರು. ಹಲ್ಲಿನ ಡಾಕ್ಟರೂ ಹೆಂಡತಿಯ ಕೈ ಹಿಡಿದು ಇಳಿದ. ಕುಣಿಯುವಾಗ ಆಕೆ ಹಾಡುವುದಿಲ್ಲವೆಂಬ ಭರವಸೆ ಅವನಿಗಿತ್ತು.

ಅದಾದ ಮೇಲೆ ಎಲ್ಲವೂ ತಲೆಕೆಳಗಾಯಿತು. ಅನೌನ್ಸರಿಗೆ ಹಾಕಿದ್ದು ನಮಗೂ ಬೇಕೆಂದು ಒಬ್ಬ ಕೇಳಿದ, ಅವನನ್ನು ನೋಡಿ ಇನ್ನೊಬ್ಬಳು ಕೇಳಿದಳು. ಕೆಲವೇ ವಾರಗಳಲ್ಲಿ ಹೆಚ್ಚು ಲೈಟು ಎಂದರೆ ಹೆಚ್ಚು ಮರ್ಯಾದೆ ಎಂದಾಯಿತು. ಕೆಟ್ಟ ಗಂಟಲಿಗೇ ಹೆಚ್ಚು ಲೈಟು ಎಂಬ ಮಾತನ್ನು ಮೊದಲು ಹಬ್ಬಿಸಿದವರೇ ಅದನ್ನು ಹೊಟ್ಟೆಕಿಚ್ಚಿನವರ ಸುದ್ದಿ ಎಂದರು. ಭಾವ ತನಗೆ ಇದೆಲ್ಲ ಮೊದಲೇ ಗೊತ್ತಿತ್ತು ಎಂದು ಹೇಳಿಕೊಂಡು ತಿರುಗಿದ. ಮೊದಲ ದಿನವೇ ನಾನು ಎಲ್ಲ ಲೈಟೂ ಹಾಕಿರಲಿಲ್ಲವೇ ಎಂದ. ಅದು ಸುಳ್ಳೂ ಅಲ್ಲವಾದ್ದರಿಂದ ಯಾರೂ ಎದುರಾಡಲಿಲ್ಲ.

ಬಲ್ಬಕ್ಕ ಈಗ ದೀಪದಂಗಡಿಯ ಕೆಲಸ ಬಿಟ್ಟಿದ್ದಾಳೆ. ಬೇರೆ ಬೇರೆ ಕರೋಕೆ ಹಾಲ್‌ಗಳವರು ಲೈಟು ಆರಿಸಲು ಅವಳನ್ನು ಕರೆಯುತ್ತಾರೆ. ಅವಳು ಹಗಲಲ್ಲಿ ಹೋಗುತ್ತಾಳೆ. ಖಾಲಿ ಹಾಲಿನ ನಾಲ್ಕೂ ಮೂಲೆಯ ಕುರ್ಚಿಗಳಲ್ಲಿ ಕೂತು ನೋಡುತ್ತಾಳೆ, ಪರದೆ ಎಲ್ಲಿ, ಏಣಿ ಎಲ್ಲಿಗೆ ನಿಲ್ಲುತ್ತದೆ ಎಂದು ವಿಚಾರಿಸುತ್ತಾಳೆ. ಈಚೆಗೆ ಒಬ್ಬ ಯಜಮಾನನ ಹಾಲಿನಲ್ಲಿ ಎಲ್ಲ ಮುಗಿಸಿ, ಬ್ಯಾಗು ಹೆಗಲಿಗೇರಿಸುತ್ತ ಕೇಳಿದಳು.

"ನಿಮ್ಮ ಮನೇಲಿ ಯಾರು ಹಾಡ್ತಾರೆ?"

"ಯಾರೂ ಇಲ್ಲ," ಎಂದ ಆತ. ದನಿ ತಗ್ಗಿಸಿ, "ನಮ್ಮ ಅತ್ತೆ ಆಗಾಗ ಗುನುಗ್ತಾರೆ. ಈ ಹಾಲ್ ಶುರು ಮಾಡೋಕೆ ದುಡ್ಡು ಕೊಟ್ಟಿದ್ದು ಅವರೇ," ಎಂದ.

ಬಲ್ಬಕ್ಕ ಬ್ಯಾಗು ಕೆಳಗಿಟ್ಟು ಮತ್ತೊಮ್ಮೆ ಸೂರಿನ ಕಡೆ ನೋಡಿದಳು. "ಆ ಮೂಲೆಗೆ ಇನ್ನೆರಡು ಲೈಟು ಹಾಕ್ಸಿಬಿಡಿ," ಎಂದಳು.