ತೀರ್ಥ ನೀರಲ್ಲ

ಇವತ್ತು ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ ನನ್ನ ಅಜ್ಜಿ ಈ ಕೋಣೆಯೊಳಗೆ ಬಂದು, ಮಂಚದ ಪಕ್ಕದ ಸ್ಟೂಲಿನ ಮೇಲೆ ಒಂದು ತಾಮ್ರದ ಚೆಂಬು ತುಂಬ ನೀರು ಇಟ್ಟರು. ಚೆಂಬಿನ ಬಾಯಿಗೆ ಒಂದು ಲೋಟ ಕವುಚಿದ್ದರು. ನಾನು ಬೆಚ್ಚಿಬಿದ್ದೆ. ತೊಡೆಯ ಮೇಲೆ ಮಲಗಿದ್ದ ಮಗು ಕೂಡ ಬೆಚ್ಚಿ ಕಣ್ಣು ಬಿಟ್ಟಿತು.

ಒಂದು ಚೆಂಬು ನೀರು ಕಂಡು ಬೆಚ್ಚಿಬೀಳುವವಳು ಎಂಥ ಹೆಂಗಸಪ್ಪಾ ಎಂದು ನೀವು ನಗಬಹುದು. ನಗಿ, ಅಡ್ಡಿಯಿಲ್ಲ. ನಾನು ಹೆತ್ತು ಇಂದಿಗೆ ಹನ್ನೊಂದನೆಯ ದಿನ. ಬಾಣಂತಿ ಓದಬಾರದು, ಬರೆಯಬಾರದು, ಕಣ್ಣು ಹಾಳಾಗುತ್ತದೆ ಎಂಬ ಕಟ್ಟಳೆಯನ್ನು ಮುರಿದು, ದಿಂಬಿನ ಮೇಲೆ ಶಾಲೆಯ ಕಾಪಿ ಪುಸ್ತಕ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ನಾಲ್ಕು ಸಾಲಿಗೊಮ್ಮೆ ಮಗು ಅಳುತ್ತದೆ. ಹಾಗಾಗಿ ಮಾತು ಎಲ್ಲಿಂದ ಎಲ್ಲಿಗಾದರೂ ಹಾರಿದರೆ ನೀವು ಸುಧಾರಿಸಿಕೊಳ್ಳಬೇಕು. ಆ ಚೆಂಬು ಇನ್ನೂ ಇಲ್ಲೇ ಇದೆ. ಅದನ್ನು ನೋಡುತ್ತಾ ಹನ್ನೆರಡು ವರ್ಷ ಹಿಂದೆ ಹೋಗುತ್ತೇನೆ; ಇದೇ ಕೋಣೆ, ಇದೇ ಮಂಚ, ಮಲಗಿದ್ದವಳು ಮಾತ್ರ ನನ್ನ ಅಕ್ಕ ಸುಮತಿ.

ನಮ್ಮ ಮನೆ ಬೋಳಾರದಲ್ಲಿ, ಹಂಚಿನ ಕಾರ್ಖಾನೆಯ ಸೀಟಿ ಕೇಳುವಷ್ಟು ಹತ್ತಿರ. ಆ ಸೀಟಿಗೆ ನಾವು ಏಳುವುದು, ಆ ಸೀಟಿಗೆ ಉಣ್ಣುವುದು. ಮನೆಯಲ್ಲಿ ಆಡುವ ಮಾತು ತುಳು. ನಾನು ಕನ್ನಡ ಟೀಚರಾದ್ದರಿಂದ ಎಲ್ಲರ ಬಾಯಲ್ಲೂ ಇಲ್ಲಿ ಕನ್ನಡ ಆಡಿಸುತ್ತಿದ್ದೇನೆ. ನಮ್ಮಿಬ್ಬರನ್ನೂ ಸಾಕಿದವರು ಅಜ್ಜಿ, ಅಮ್ಮನ ಅಮ್ಮ. ನಾನು ಒಂಬತ್ತು ದಿನದ ಮಗುವಾಗಿದ್ದಾಗ ಅಮ್ಮ ತೀರಿಹೋದಳು. ಹೇಗೆ ತೀರಿಹೋದಳೆಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ: ಹೆತ್ತ ಮೈಯಲ್ಲಿ ಕದ್ದು ತಣ್ಣೀರು ಕುಡಿದಳು, ಜ್ವರ ಸನ್ನಿಗೆ ತಿರುಗಿತು, ಹೋದಳು. ಹುಡುಗಿಯಾಗಿದ್ದಾಗ ನನಗೆ ಅಮ್ಮನ ಮೇಲೆ ದುಃಖಕ್ಕಿಂತ ಸಿಟ್ಟೇ ಹೆಚ್ಚಿತ್ತು. ಬೇರೆ ಮಕ್ಕಳ ಅಮ್ಮಂದಿರೂ ಸಾಯುತ್ತಿದ್ದರು, ನಿಜ. ಒಂದು ಲೋಟ ನೀರಿನ ಆಸೆಗೆ ಮಗುವನ್ನು ಬಿಟ್ಟು ಹೋದವಳು ನನ್ನ ಅಮ್ಮ ಒಬ್ಬಳೇ ಎಂದು ನಾನು ನಂಬಿದ್ದೆ.

ಅಕ್ಕನ ಚೊಚ್ಚಲ ಬಸಿರಿನ ಏಳನೆಯ ತಿಂಗಳಲ್ಲಿ ಬಯಕೆ ಮಾಡಿದೆವು. ಸೀಮಂತಕ್ಕೆ ನಮ್ಮ ಕಡೆ ಬಯಕೆ ಎಂದೇ ಹೆಸರು. ಬಸುರಿ ಬಯಸಿದ್ದನ್ನೆಲ್ಲ ಅವಳ ಎಲೆಗೆ ಬಡಿಸುವುದು ಅದರ ಅರ್ಥವಂತೆ. ಅಕ್ಕನ ಎಲೆಯಲ್ಲಿ ಲಾಡು, ಹೋಳಿಗೆ, ಚಕ್ಕುಲಿ, ಕಡುಬು, ಏನುಂಟು ಏನಿಲ್ಲ. ಎಲ್ಲ ಮುಗಿದ ಮೇಲೆ ಅವಳು ನನ್ನ ಕಿವಿಯಲ್ಲಿ, "ನನಗೆ ಒಂದು ಲೋಟ ಪುನರ್ಪುಳಿ ಶರಬತ್ತು ಬೇಕಿತ್ತು ಮಾರಾಯ್ತಿ, ಯಾರೂ ಕೇಳಲೇ ಇಲ್ಲ" ಎಂದಳು. ನಾನು ನಕ್ಕುಬಿಟ್ಟೆ. ಮಾಡಿಕೊಡಲಿಲ್ಲ.

ಏಪ್ರಿಲ್ ತಿಂಗಳ ಸೆಕೆಯಲ್ಲಿ ಹೆರಿಗೆಯಾಯಿತು. ಸೂಲಗಿತ್ತಿ ಬಂದು ಮನೆಯಲ್ಲೇ ಹೆರಿಗೆ ಮಾಡಿಸಿದಳು. ಹೆಣ್ಣು ಮಗು, ಗಟ್ಟಿಯಾಗಿತ್ತು. ಮರುದಿನದಿಂದ ಪಥ್ಯ ಶುರು. ಕುಚ್ಚಲಕ್ಕಿಯ ಗಟ್ಟಿ ಅನ್ನ, ತುಪ್ಪ, ಹುರಿದ ಬೆಳ್ಳುಳ್ಳಿ, ನಾಲಗೆ ಉರಿಯುವ ಒಳ್ಳೆಮೆಣಸಿನ ಸಾರು ನಾಲ್ಕು ಚಮಚ. ಕಿಟಕಿ ಮುಚ್ಚಿದ ಕೋಣೆ, ಮಂಚದ ಕೆಳಗೆ ಕೆಂಡದ ಮಡಕೆ. ಕುಡಿಯಲಿಕ್ಕೆ ಓಮ ಹಾಕಿ ಕುದಿಸಿದ ನೀರು ಇಡೀ ದಿನಕ್ಕೆ ಒಂದು ಕುಡ್ತೆ. ಒಂದು ಸಣ್ಣ ಲೋಟದಷ್ಟು ಎಂದಿಟ್ಟುಕೊಳ್ಳಿ. ಬೆಳಿಗ್ಗೆ ಮೀಸುವ ಹೆಂಗಸು ಬಂದು ಹಂಡೆಗಟ್ಟಲೆ ಬಿಸಿನೀರನ್ನು ಅಕ್ಕನ ಮೈಮೇಲೆ ಹೊಯ್ಯುತ್ತಿದ್ದಳು. ಮೈಯ ಹೊರಗೆ ಹಂಡೆ, ಒಳಗೆ ಕುಡ್ತೆ. ಈ ಲೆಕ್ಕ ನಮಗೆ ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ.

ಬಾಣಂತಿ ಕದ್ದು ನೀರು ಕುಡಿಯದ ಹಾಗೆ ನೋಡಿಕೊಳ್ಳುವ ಕೆಲಸ ನನ್ನದು. ಆಗ ನನಗೆ ಹದಿನೆಂಟು. ಟೀಚರ್ಸ್ ಟ್ರೈನಿಂಗಿಗೆ ಹೋಗುತ್ತಿದ್ದೆ, ರಜೆಯಲ್ಲಿ ಮನೆಗೆ ಬಂದಿದ್ದೆ. ಇದನ್ನು ನೀವು ಗಮನವಿಟ್ಟು ಕೇಳಬೇಕು. ಎರಡು ವಾರದ ಹಿಂದಷ್ಟೇ ನಾನು ಆರೋಗ್ಯಶಾಸ್ತ್ರದ ಪರೀಕ್ಷೆಯಲ್ಲಿ 'ಶರೀರಕ್ಕೆ ನೀರಿನ ಅಗತ್ಯವನ್ನು ವಿವರಿಸಿ' ಎಂಬ ಪ್ರಶ್ನೆಗೆ ಎರಡು ಪುಟ ತುಂಬ ಬರೆದು, ಚಿತ್ರ ಬಿಡಿಸಿ, ಅಡಿಗೆರೆ ಎಳೆದು ಬಂದಿದ್ದೆ. ಆ ಎರಡು ಪುಟಕ್ಕೂ ಈ ಕೋಣೆಗೂ ಏನಾದರೂ ಸಂಬಂಧವಿರಬಹುದೆಂದು ನನಗೆ ಹೊಳೆಯಲೇ ಇಲ್ಲ. ಬಾಗಿಲಿಗೆ ಒರಗಿ ನಿಂತು ಕಾವಲು ಕಾದೆ. "ಬೇರೆ ಎಂತ ಬೇಕಾದರೂ ಕೇಳು, ನೀರು ಮಾತ್ರ ಕೇಳಬೇಡ" ಎಂದು ಅಕ್ಕನಿಗೆ ದೊಡ್ಡ ಮನುಷ್ಯಳ ಹಾಗೆ ಹೇಳುತ್ತಿದ್ದೆ. ಅವಳು ಬೇರೆ ಏನನ್ನೂ ಕೇಳಲಿಲ್ಲ.

ಐದನೆಯ ದಿನ ಮಧ್ಯಾಹ್ನ ಊಟಕ್ಕೆ ಹೋಗಿ ಬಂದೆ. ಮಂಚ ಖಾಲಿ. ಹಿಂದಿನ ಜಗಲಿಯಲ್ಲಿ ಮಗುವಿನ ಬಟ್ಟೆ ನೆನೆಸಿಟ್ಟ ಬಾಲ್ದಿ ಇತ್ತು. ಹೇಸಿಗೆಯಾದ ಬಟ್ಟೆ, ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಅಕ್ಕ ಆ ಬಾಲ್ದಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಬಟ್ಟೆಯನ್ನು ಒಂದು ಬದಿಗೆ ಸರಿಸಿ, ಎರಡೂ ಕೈಯಲ್ಲಿ ಬೊಗಸೆ ಮಾಡಿ ಕುಡಿಯುತ್ತಿದ್ದಳು. ನನ್ನನ್ನು ನೋಡಿದರೂ ನಿಲ್ಲಿಸಲಿಲ್ಲ. ಇನ್ನೊಂದು ಬೊಗಸೆ ಕುಡಿದ ಮೇಲೆಯೇ ಮುಖ ಎತ್ತಿದಳು.

ಆ ನೋಟಕ್ಕಿಂತಲೂ, ಆಮೇಲೆ ನಾನು ಮಾಡಿದ್ದನ್ನು ನೆನೆದರೆ ನನಗೆ ಹೆಚ್ಚು ಗಾಬರಿಯಾಗುತ್ತದೆ. ನಾನು ಓಡಿಹೋಗಿ ಒಂದು ಲೋಟ ಒಳ್ಳೆಯ ನೀರು ತರಲಿಲ್ಲ. ಬಾಲ್ದಿಯನ್ನು ಎತ್ತಿಕೊಂಡು ಹೋಗಿ ಬಾವಿಕಟ್ಟೆಯ ಆಚೆ, ಅವಳ ಕೈಗೆ ಸಿಗದ ಕಡೆ ಇಟ್ಟು ಬಂದೆ. ಅಮ್ಮನ ಹಾಗೆ ಇವಳೂ ಸತ್ತರೆ ಎಂಬ ಒಂದೇ ಭಯ ನನ್ನ ತಲೆಯಲ್ಲಿ ತುಂಬಿತ್ತು. ಯಾರಿಗೂ ಹೇಳಲಿಲ್ಲ. ಅಕ್ಕನೂ ಹೇಳಲಿಲ್ಲ.

ಮರುದಿನ ಅವಳಿಗೆ ಜ್ವರ ಬಂತು. ತುಟಿ ಒಡೆಯಿತು, ಎದೆಯಲ್ಲಿ ಹಾಲು ಬತ್ತಿತು, ಮಗು ಬಾಯಿ ಒಣಗುವಂತೆ ಅಳತೊಡಗಿತು. ಸನ್ನಿಯ ಲಕ್ಷಣ ಎಂದು ಅಜ್ಜಿ ಇದ್ದ ಒಂದು ಕುಡ್ತೆಯನ್ನೂ ನಿಲ್ಲಿಸಿದರು. ಎಂಟನೆಯ ದಿನ ಅಕ್ಕ ನೀರು ಕೇಳುವುದನ್ನೇ ಬಿಟ್ಟಳು. ಅದನ್ನು ನಾವು ಒಳ್ಳೆಯ ಸೂಚನೆ ಎಂದುಕೊಂಡೆವು.

ಅವತ್ತು ಸಂಜೆ ಬಂದವರು ಸೆವ್ರಿನ್ ಬಾಯಿ. ಪಕ್ಕದ ಮನೆಯ ಕೊಂಕಣಿ ಕ್ರಿಶ್ಚಿಯನ್ ಹೆಂಗಸು, ಆಸ್ಪತ್ರೆಯಲ್ಲಿ ನರ್ಸು. ನಮಗೆಲ್ಲ ಅವರು ಬಾಯಮ್ಮ. ಡ್ಯೂಟಿ ಮುಗಿಸಿ ಬಿಳಿ ಸೀರೆಯಲ್ಲೇ ಮಗು ನೋಡಲಿಕ್ಕೆ ಬಂದವರು ಮಗುವನ್ನು ಬಿಟ್ಟು ಅಕ್ಕನ ಕೈ ಹಿಡಿದರು. ಮುಂಗೈಯ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಬಿಟ್ಟರು. ಚರ್ಮ ಕೆಳಗೆ ಇಳಿಯಲಿಲ್ಲ, ಎತ್ತಿದಲ್ಲೇ ನಿಂತಿತು. ಅದನ್ನು ನಾನು ನೋಡಿದೆ.

"ಇವಳಿಗೆ ನೀರು ಎಷ್ಟು ಕೊಡ್ತೀರಿ?" ಬಾಯಮ್ಮ ಕೇಳಿದರು.

"ನಮ್ಮಲ್ಲಿ ಕೊಡುವ ಕ್ರಮ ಇಲ್ಲ ಬಾಯಮ್ಮ," ಎಂದರು ಅಜ್ಜಿ. "ಇವಳ ತಾಯಿ ನೀರು ಕುಡಿದೇ ಹೋದದ್ದು, ನಿಮಗೆ ಗೊತ್ತುಂಟಲ್ಲ."

ಬಾಯಮ್ಮ ಅಕ್ಕನ ಕೈಯನ್ನು ಮೆಲ್ಲನೆ ಹಾಸಿಗೆಯ ಮೇಲಿಟ್ಟರು. ವಾದ ಮಾಡದೆ ಎದ್ದು ಹೋದರು. ಅರ್ಧ ಗಂಟೆಯಲ್ಲಿ ತಿರುಗಿ ಬಂದಾಗ ಕೈಯಲ್ಲಿ ಒಂದು ದೊಡ್ಡ ಗಾಜಿನ ಬಾಟಲಿ. ಅದರ ಸುತ್ತ ಬಟ್ಟೆ, ಕುತ್ತಿಗೆಗೆ ಒಂದು ಜಪಮಾಲೆ.

"ಇಗರ್ಜಿಯ ತೀರ್ಥ. ಗಂಟೆಗೊಂದು ಲೋಟ ಕೊಡಬೇಕು. ಬಾಕಿ ಉಳಿಸಬಾರದು."

ನಮ್ಮ ಊರಲ್ಲಿ ತೀರ್ಥಕ್ಕೆ ಜಾತಿ ಕೇಳುವವರಿಲ್ಲ. ಮಕ್ಕಳಿಗೆ ಹುಷಾರಿಲ್ಲದಾಗ ಇಗರ್ಜಿಗೆ, ಅಂದರೆ ಅವರ ಚರ್ಚಿಗೆ, ಮೇಣದ ಬತ್ತಿ ಹರಕೆ ಹೇಳುವುದು ನಮ್ಮ ಅಜ್ಜಿಗೂ ಅಭ್ಯಾಸ. ಆದರೂ ಅವರಿಗೆ ಒಂದು ಸಂಶಯ. "ತೀರ್ಥ ಒಂದು ಉದ್ಧರಣೆ ಅಲ್ವಾ ಕೊಡುವುದು?"

"ನಿಮ್ಮ ದೇವರದ್ದು ಉದ್ಧರಣೆಯಲ್ಲಿ. ನಮ್ಮದು ಲೋಟದಲ್ಲಿ. ಸ್ವಲ್ಪ ಉಪ್ಪು ಉಪ್ಪು ಇರ್ತದೆ, ಹೆದರಬೇಡಿ. ನಾಳೆ ಬೆಳಿಗ್ಗೆಗೆ ಜ್ವರ ಇಳಿಯದಿದ್ದರೆ ನಾನು ಜಟಕಾ ತಂದು ಇವಳನ್ನು ಆಸ್ಪತ್ರೆಗೆ ಕೊಂಡೋಗ್ತೇನೆ. ಯಾರು ಅಡ್ಡ ಬಂದರೂ ಬಿಡುವುದಿಲ್ಲ."

ಅಜ್ಜಿ ಬಾಟಲಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು. ಸ್ವಲ್ಪ ಹೆಚ್ಚು ಹೊತ್ತೇ ಒತ್ತಿಕೊಂಡರು. ಆಮೇಲೆ ಬಾಯಮ್ಮನ ಮುಖ ನೋಡದೆ ಕೇಳಿದರು: "ತೀರ್ಥ ನೀರಲ್ಲ, ಅಲ್ವಾ ಬಾಯಮ್ಮ?"

"ಅಲ್ಲ," ಎಂದರು ಬಾಯಮ್ಮ.

ಮೊದಲ ಲೋಟ ಅಕ್ಕನಿಗೆ ನುಂಗಲಾಗಲಿಲ್ಲ, ಚಮಚದಲ್ಲಿ ಹಾಕಿದೆವು. ಎರಡನೆಯದನ್ನು ತಾನೇ ಹಿಡಿದುಕೊಂಡಳು. ಮೂರನೆಯದನ್ನು ಕುಡಿದು ಅತ್ತಳು. ಬಾಯಮ್ಮ ಮಾತ್ರೆಯನ್ನೂ ತೀರ್ಥದ ಜೊತೆಗೇ ನುಂಗಿಸಿ, ಬೆಳಗಿನ ತನಕ ಅಲ್ಲೇ ಕುಳಿತಿದ್ದರು. ಬೆಳಗಾಗುವಾಗ ಹಣೆ ಬೆವರಿತ್ತು. ಜಟಕಾ ಬೇಕಾಗಲಿಲ್ಲ. ಮೂರು ದಿನದಲ್ಲಿ ಹಾಲು ಬಂತು.

ಬಾಟಲಿ ತುಂಬಿಸಿ ತರುವ ಕೆಲಸ ನನಗೆ ಬಂತು. ಎರಡನೆಯ ದಿನ ಹೇಳದೆ ಕೇಳದೆ ಅವರ ಹಿಂಬಾಗಿಲಿಂದ ಒಳಗೆ ಹೋದೆ. ಬಾಯಮ್ಮ ಒಲೆಯ ಮೇಲೆ ಕುದಿಯುತ್ತಿದ್ದ ಬಾವಿ ನೀರಿಗೆ ಚಿಟಿಕೆ ಉಪ್ಪು, ಒಂದಿಷ್ಟು ಸಕ್ಕರೆ ಹಾಕುತ್ತಿದ್ದರು. ನಾನು ಬಾಗಿಲಲ್ಲೇ ನಿಂತೆ.

"ಎಂತ ನೋಡ್ತಿ? ಬಟ್ಟೆ ಹಿಡಿ, ಸೋಸುವ."

"ಬಾಯಮ್ಮ, ಇದು ತೀರ್ಥವಾ?"

"ಕುದಿಯುವಾಗ ಒಂದು ನಮಾನ್ ಮರಿಯೆ ಪ್ರಾರ್ಥನೆ ಹೇಳಿದ್ದೇನೆ. ಅಷ್ಟು ಸಾಕು." ಸೋಸುತ್ತಾ ಕೇಳಿದರು, "ನೀನು ಟೀಚರ್ ಆಗುವವಳಲ್ವಾ? ನೀರಿನ ಪಾಠ ಇಲ್ಲವಾ ನಿಮಗೆ?"

"ಉಂಟು. ಆ ಪ್ರಶ್ನೆಗೆ ಹತ್ತಕ್ಕೆ ಒಂಬತ್ತು ಬರಬಹುದು."

"ಒಂದು ಮಾರ್ಕು ಕಳೆದವರಿಗೆ ಬುದ್ಧಿ ಉಂಟು," ಎಂದರು ಬಾಯಮ್ಮ.

ಹನ್ನೆರಡು ವರ್ಷ ಈ ಗುಟ್ಟನ್ನು ಹೊಟ್ಟೆಯಲ್ಲಿ ಇಟ್ಟುಕೊಂಡೆ. ಬಾಯಮ್ಮ ಹೋದ ವರ್ಷ ತೀರಿಕೊಂಡರು. ಅಜ್ಜಿ ಸಾವಿನ ಮನೆಗೆ ಹೋಗಿ, ಬಾಯಮ್ಮನ ಕಾಲ ಬಳಿ ಬಹಳ ಹೊತ್ತು ಕುಳಿತು ಬಂದರು. ನನ್ನ ಹೆರಿಗೆ ಆಸ್ಪತ್ರೆಯಲ್ಲಾಯಿತು, ಬಾಣಂತನಕ್ಕೆ ಈ ಮನೆಗೇ ಬರಬೇಕಾಯಿತು. ನಾನೇನು ಕಡಿಮೆಯವಳೇ? ಮೊದಲೇ ಗಂಡನ ಹತ್ತಿರ ಹೇಳಿಟ್ಟಿದ್ದೆ: ವಾರಕ್ಕೆರಡು ಸಲ ಕುದಿಸಿದ ನೀರಿನ ಬಾಟಲಿಗಳನ್ನು ಚೀಲದಲ್ಲಿ ತುಂಬಿ ತರಬೇಕು, ತೀರ್ಥ ಎನ್ನಬೇಕು. ಪಣಂಬೂರಿನಲ್ಲಿ ಹೊಸ ಬಂದರಿನ ಕೆಲಸಕ್ಕೆ ಹೋಗುವ ಸಾಧು ಪ್ರಾಣಿ ಅವರು. "ಯಾವ ದೇವರದ್ದು ಅಂತ ಹೇಳಲಿ?" ಎಂದು ಕೇಳಿದರು. ಅಜ್ಜಿಗೆ ಮೋಸ ಮಾಡುತ್ತಿದ್ದೇನೆಂದು ಒಳಗೊಳಗೇ ಹೆಮ್ಮೆ ಪಡುತ್ತಾ ಮಂಚದ ಕೆಳಗೆ ಬಾಟಲಿ ಇಟ್ಟುಕೊಂಡು ಹತ್ತನೆಯ ದಿನದವರೆಗೆ ಕಳೆದೆ. ಹನ್ನೊಂದನೆಯ ದಿನ, ಅಂದರೆ ಇವತ್ತು, ಈ ಚೆಂಬು ಬಂತು.

"ಅಜ್ಜಿ, ಇದು ಎಂತ?"

"ನೀರು."

"ತೀರ್ಥವಾ?"

"ನೀರು ಅಂದೆನಲ್ಲ. ಬಾವಿದು. ಕುದಿಸಿ ಆರಿಸಿದ್ದೇನೆ. ಮಂಚದ ಅಡಿಯ ಬಾಟಲಿಯದ್ದನ್ನು ತುಳಸಿಗೆ ಹಾಕಿಯಾಯ್ತು. ನೀರು ಹಳಸು ವಾಸನೆ ಬರ್ತಿತ್ತು."

ನಾನು ಕೇಳಿದೆ: "ಬಾಯಮ್ಮ ಅವತ್ತು ತಂದದ್ದು ತೀರ್ಥ ಅಲ್ಲ ಅಂತ ಕೂಡ ನಿಮಗೆ ಗೊತ್ತಿತ್ತಾ?"

"ಬಾಟಲಿ ಕಣ್ಣಿಗೆ ಒತ್ತಿಕೊಂಡೆ ಅಲ್ವಾ? ರೆಪ್ಪೆಗೆ ಬಿಸಿ ತಾಗಿತು. ಇಗರ್ಜಿಯಲ್ಲಿ ತೀರ್ಥ ಕುದಿಸಿ ಕೊಡ್ತಾರಾ?"

"ಗೊತ್ತಿದ್ದೂ ಕೊಟ್ಟಿರಾ?"

"ಬಾಯಮ್ಮ ನೀರು ಅಂದಿದ್ದರೆ ಕೊಡ್ತಿರಲಿಲ್ಲ. ನೀರು ಅಂತ ಕೊಟ್ಟು ಸುಮತಿ ಬದುಕಿದರೆ, ಅವಳಿಗೂ ಕೊಡಬಹುದಿತ್ತು ಅಂತ ಆಗ್ತದಲ್ಲ."

"ಯಾರಿಗೆ?"

ಅಜ್ಜಿ ಮಗುವಿನ ಕಾಲ ಮೇಲಿನ ಬಟ್ಟೆ ಸರಿಮಾಡಿದರು. "ನಿನ್ನ ಅಮ್ಮ ನೀರು ಕುಡಿಯಲಿಲ್ಲ ಮಗಾ. ಮೂರು ದಿನ ಕೇಳಿದಳು. ನಾನು ಕೊಡಲಿಲ್ಲ. ಈ ಚೆಂಬನ್ನೇ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದೆ. ಸತ್ತ ಮೇಲೆ ಎಲ್ಲರೂ ಕೇಳಿದರು, ಎಂತ ಆಯ್ತು ಅಂತ. ಕದ್ದು ಕುಡಿದಳು ಅಂದೆ. ಹೇಳಿ ಹೇಳಿ ನನಗೂ ಅದೇ ನಿಜ ಆಗಿತ್ತು, ಬಾಯಮ್ಮನ ಬಾಟಲಿ ಬರುವ ತನಕ."

ಮೂವತ್ತು ವರ್ಷ. ಕುಡಿಯದ ಒಂದು ಲೋಟ ನೀರಿಗಾಗಿ ನಾನು ಮೂವತ್ತು ವರ್ಷ ಅಮ್ಮನ ಮೇಲೆ ಸಿಟ್ಟು ಮಾಡಿಕೊಂಡಿದ್ದೆ. ಅಜ್ಜಿಯ ಮೇಲೆ ಕೂಗಾಡಬೇಕೆನಿಸಿತು. ಕೂಗಾಡಲು ಬಾಯಿ ತೆರೆದರೆ ಬಂದದ್ದು ಬೇರೆಯೇ ಮಾತು.

"ಅಕ್ಕ ಮಗುವಿನ ಬಟ್ಟೆಯ ಬಾಲ್ದಿಯಿಂದ ನೀರು ಕುಡಿಯುತ್ತಿದ್ದಳು ಅಜ್ಜಿ. ನಾನು ನೋಡಿದೆ. ನೋಡಿ, ಬಾಲ್ದಿಯನ್ನು ದೂರ ಇಟ್ಟೆ."

ಅಜ್ಜಿ ಕಣ್ಣು ಮುಚ್ಚಿಕೊಂಡರು. ನನಗಾದ ಆಘಾತವೇ ಈಗ ಅವರಿಗೂ ಆಯಿತೆಂದು ಕಾಣುತ್ತದೆ. ಆಮೇಲೆ ಅವರೇ ಲೋಟಕ್ಕೆ ನೀರು ಬಗ್ಗಿಸಿ ನನ್ನ ಕೈಯಲ್ಲಿಟ್ಟರು.

"ಕುಡಿ," ಎಂದರು.

ಕುಡಿದೆ. ಲೋಟ ಖಾಲಿಯಾದಾಗ ಇನ್ನೊಂದು ಬಗ್ಗಿಸಿದರು. ಮತ್ತೆ ಹೋಗಿ, ಹಿಂದೆ ನಾನು ಕಾವಲು ನಿಲ್ಲುತ್ತಿದ್ದ ಅದೇ ಬಾಗಿಲಿಗೆ ಒರಗಿ, ನಾನು ಕುಡಿದು ಮುಗಿಸುವ ತನಕ ನೋಡುತ್ತಾ ನಿಂತರು.