ಕೈ ಎತ್ತಿದಾಗ ಊದಿ

ಗಾಯವಾದರೆ ಅವನು ಬಟ್ಟೆ ಕಟ್ಟುತ್ತಿರಲಿಲ್ಲ. ವಯರಿಗೆ ಸುತ್ತುವ ಕಪ್ಪು ಟೇಪನ್ನೇ ಬೆರಳಿಗೂ ಸುತ್ತಿಕೊಳ್ಳುತ್ತಿದ್ದ. ಶಿರಿಯದಲ್ಲಿ ನಮ್ಮ ನೆರೆಮನೆಯವನು, ಮದುವೆಮನೆಗಳಿಗೆ ಮೈಕು, ಸ್ಪೀಕರು ಹಾಕುವವನು. ದುಬೈಯಲ್ಲಿ ಕೆಲಸಕ್ಕಿದ್ದಾಗ ಒಬ್ಬ ಫ್ರೆಂಚ್ ಡಿಜೆಯ ಸಂಗೀತಕ್ಕೆ ಮರುಳಾಗಿ ಬಂದು, ಇಲ್ಲಿಯ ಮದುವೆಗಳಲ್ಲೂ ಅದನ್ನೇ ಹಾಕುತ್ತಿದ್ದ. ಅದರಲ್ಲಿ ತಾಳ ಓಡುತ್ತ ಓಡುತ್ತ ಏರಿ, ಒಮ್ಮೆಲೇ ನಿಲ್ಲುತ್ತದೆ. ಒಂದು ಉಸಿರಿನಷ್ಟು ಮೌನ. ಆಗ ಅವನ ಟೇಪು ಸುತ್ತಿದ ಕೈ ಮೇಲೇಳುತ್ತಿತ್ತು. ಕೈ ಇಳಿದದ್ದೇ ತಡ, ಎದೆ ನಡುಗುವಂತೆ ಶಬ್ದ ಬೀಳುತ್ತಿತ್ತು. ಚಪ್ಪರದಡಿ ಇದ್ದವರೆಲ್ಲ ಒಟ್ಟಿಗೆ ಹಾರುತ್ತಿದ್ದರು.

ನಾನು ಬ್ಯಾಂಡಿನಲ್ಲಿ ಟ್ರಂಪೆಟ್ ಊದಿ ಮುದುಕನಾದವನು. ಅವನು ಬಂದ ಮೇಲೆ ನಮ್ಮನ್ನು ಕರೆಯುವವರು ಕಡಿಮೆಯಾದರು. "ಆ ಗಲಾಟೆಯವ ಬಂದರೆ ನಾನು ಬರುವುದಿಲ್ಲ" ಎಂದು ಮನೆಮನೆಯಲ್ಲಿ ಹೇಳಿಬಂದೆ. ಆ ಪಾಪ ನನ್ನದು. ಅವನಿಗೆ ಅದು ತಿಳಿದಿತ್ತು. ಆದರೂ ಬೇಲಿಯಾಚೆಯಿಂದ "ಪೊರ್ಬುಗಳೇ, ಊಟ ಆಯ್ತಾ?" ಎಂದು ಕೇಳುವುದನ್ನು ಬಿಡಲಿಲ್ಲ. ಊರಿನ ತುಳುವರು ನಮ್ಮ ಕೊಂಕಣಿ ಕ್ರೈಸ್ತರನ್ನು ಕರೆಯುವುದೇ ಹಾಗೆ.

ಮೊಮ್ಮಗಳ ಮದುವೆ ಬಂತು. ಹಿಂದಿನ ದಿನದ ರೋಸ್ ಶಾಸ್ತ್ರದಲ್ಲಿ, ಮದುಮಗಳಿಗೆ ತೆಂಗಿನಹಾಲು ಹಚ್ಚುವಾಗ, ನಾನು ಟ್ರಂಪೆಟ್ ಊದುವುದು ನಮ್ಮ ಮನೆಯ ಕ್ರಮ. ಅಷ್ಟರಲ್ಲಿ ನನ್ನ ಮುಂದಿನ ಹಲ್ಲುಗಳು ಉದುರಿದ್ದವು. ಒಂದು ಸ್ವರ ಹೊರಟರೆ ಎರಡನೆಯದಕ್ಕೆ ಬರೀ ಗಾಳಿ. ಡಿಜೆಗೆ ಮೊಮ್ಮಗಳು ಕರೆದದ್ದು ಅವನನ್ನೇ. ನಾನು ಟ್ರಂಪೆಟನ್ನು ಪೆಟ್ಟಿಗೆಯೊಳಗಿಟ್ಟು ಮೂಲೆಯಲ್ಲಿ ಕೂತೆ.

ವಯರು ಎಳೆಯುತ್ತ ಬಂದವನು ನನ್ನೆದುರು ನಿಂತ. "ಎಂತ ಪೊರ್ಬುಗಳೇ, ಇವತ್ತು ಹರತಾಳವಾ?"

"ಹಲ್ಲಿಲ್ಲ ಮಾರಾಯ. ಒಂದೇ ಸ್ವರ ಉಂಟು."

"ನನಗೆ ಬೇಕಾದದ್ದೂ ಒಂದೇ. ತಾಳ ನಿಲ್ಲುವ ಜಾಗ ಉಂಟಲ್ಲ, ಅದು ನಿಮಗೆ. ಕೈ ಎತ್ತಿದಾಗ ಊದಿ. ಉಸಿರು ಮುಗಿದರೆ ಹೆದರಬೇಡಿ, ಹಿಂದೆ ನಾನಿದ್ದೇನೆ."

"ಹಾಳಾದರೆ?"

"ಫ್ರಾನ್ಸಿನವನೇ ತಪ್ಪಿದ್ದು ಅಂತ ಹೇಳುವ!"

ತಾಳ ಏರಿತು, ನಿಂತಿತು. ಕೈ ಮೇಲೆದ್ದಿತು. ವಸಡು ನೋಯುವಷ್ಟು ಊದಿದೆ. ನನ್ನ ಸ್ವರ ಮುರಿಯುವ ಮೊದಲೇ ಅವನ ಶಬ್ದ ಅಡಿಗೆ ಬಂದು ಎತ್ತಿ ಹಿಡಿಯಿತು. ತೆಂಗಿನಹಾಲು ತೊಟ್ಟಿಕ್ಕುವ ಕೂದಲಿನಲ್ಲೇ ಮೊಮ್ಮಗಳು ಎದ್ದು ಕುಣಿದಳು. "ಟ್ರಂಪೆಟ್, ನಮ್ಮ ಪೊರ್ಬುಗಳು!" ಎಂದು ಅವನು ಮೈಕಿನಲ್ಲಿ ಕೂಗಿದ. ಬ್ಯಾಂಡಿನ ಅಷ್ಟು ವರ್ಷಗಳಲ್ಲಿ ಯಾರೂ ನನ್ನನ್ನು ಹಾಗೆ ಕೂಗಿ ಹೇಳಿರಲಿಲ್ಲ.

ಮದುವೆ ಮುಗಿದ ಮರುದಿನ ಕ್ಷಮೆ ಕೇಳಲು ಬೇಲಿಯ ಹತ್ತಿರ ಹೋದೆ. ಬಾಯಿ ತೆರೆಯುವ ಮೊದಲೇ, "ನಾಡಿದ್ದು ಕುಂಬಳೆಯಲ್ಲಿ ಮದುವೆ ಉಂಟು, ಬರ್ತೀರಾ?" ಎಂದ. ಹೋದೆ. ಆಮೇಲೆ ಎಷ್ಟೋ ಚಪ್ಪರಗಳಲ್ಲಿ ಅವನ ಪಕ್ಕದಲ್ಲಿ ನಿಂತು ಊದಿದೆ.

ಹೋದ ಮಳೆಗಾಲದಲ್ಲಿ ಅವನು ಎದೆನೋವಿನಿಂದ ತೀರಿಕೊಂಡ. ಈಗ ಅವನ ಮಗಳು ಆ ಕೆಲಸ ನಡೆಸುತ್ತಾಳೆ. ತಾಳ ನಿಂತಾಗ ಅವಳು ಕೈ ಎತ್ತುವುದಿಲ್ಲ. ನನ್ನ ಕಡೆ ನೋಡುತ್ತಾಳೆ. ಒಂದು ಕೈಯಲ್ಲಿ ಟ್ರಂಪೆಟ್ ಹಿಡಿದು, ಇನ್ನೊಂದನ್ನು ನಾನೇ ಎತ್ತುತ್ತೇನೆ.