ಗಂಗವ್ವನ ಕೈಗುಣ

ಹೆಗಲ ಮೇಲೆ ಹುಳಿ ಹಾಲಿನ ವಾಸನೆ ಹೊತ್ತುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಅಂಗಿ ಬದಲಾಯಿಸಬಹುದಿತ್ತು, ಬದಲಾಯಿಸಿಲ್ಲ. ಐದು ತಿಂಗಳ ಮೊಮ್ಮಗಳು ಬೆಳಿಗ್ಗೆ ಹೊಟ್ಟೆ ತುಂಬ ಹಾಲು ಕುಡಿದು ಕಾಲು ಬಡಿಯುತ್ತ ಮಲಗಿದ್ದಳು. "ಈಗಷ್ಟೇ ಕುಡಿದಿದಾಳೆ ಮಾವ, ಸ್ವಲ್ಪ ಹೊತ್ತು ಎತ್ತಬೇಡಿ" ಅಂತ ಹೇಳಿ ಸೊಸೆ ಸ್ನಾನಕ್ಕೆ ಹೋದಳು. ಅವಳು ಬಚ್ಚಲ ಬಾಗಿಲು ಹಾಕಿಕೊಂಡದ್ದೇ ತಡ, ನಾನು ಎತ್ತಿದೆ. ಎತ್ತಿದ್ದಷ್ಟೇ ಆಗಿದ್ದರೆ ಸರಿ, ಮೇಲಕ್ಕೆ ಹಾರಿಸಿ ಹಾರಿಸಿ ಹಿಡಿದೆ. ಮೂರನೇ ಸಲಕ್ಕೆ ಕುಡಿದದ್ದೆಲ್ಲ ನನ್ನ ಹೆಗಲಿಗೆ ಬಂತು.

ಸೊಸೆ ತಲೆಗೆ ಟವೆಲ್ ಸುತ್ತಿಕೊಂಡು ಬಂದು ನೋಡಿದಳು. ಮುಖ ಇಷ್ಟೇ ಇಷ್ಟಾಯಿತು. "ನಿನ್ನೆನೂ ಕಕ್ಕಿದ್ಲು. ನನ್ನ ಹಾಲೇ ಇವಳಿಗೆ ಒಗ್ತಿಲ್ವೇನೋ" ಅಂದಳು. ನಾನೇನಂದೆ ಗೊತ್ತೇ? "ಮಕ್ಕಳು ಕಕ್ತಾವೆ ಬಿಡಮ್ಮ" ಅಂತ ದೊಡ್ಡ ತಿಳಿದವನ ಹಾಗೆ ಹೇಳಿ, ಈ ಕೋಣೆಗೆ ಬಂದು ಕೂತೆ. ಕೂತರೆ ನೆನಪಾದದ್ದು ಒಂದು ಹಾವು. ನಗಬೇಡಿ, ಪೂರ್ತಿ ಕೇಳಿ.

ಐವತ್ತರ ದಶಕದ ಕೊನೆ. ಸೊರಬದ ಕಡೆ ಉಳವಿಯಿಂದ ಹೋದ ನಾನು ಶಿಕಾರಿಪುರದ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವ ರೈಟರು. ಇಪ್ಪತ್ತೊಂದು ವರ್ಷ, ಕಿವಿಗೆ ಸಿಕ್ಕಿಸಿದ ಪೆನ್ಸಿಲ್ಲು, ಇಸ್ತ್ರಿ ಮಾಡಿದ ಒಂದೇ ಒಂದು ಬಿಳಿ ಅಂಗಿ, ಅದಕ್ಕೆ ತಕ್ಕ ಜಂಬ. ಗಿರಣಿಯ ಹಿಂದಿನ ಕೋಣೆಯಲ್ಲಿ ಹಮಾಲ ಬಸಪ್ಪ, ಅವನ ಹೆಂಡತಿ ಗಂಗವ್ವ ಇದ್ದರು. ತೊಗರ್ಸಿಯವರು. ನನ್ನ ಮಾತು ಕೇಳಿದರೆ ಗಂಗವ್ವನಿಗೆ ತಮಾಷೆ. "ಸೊರಬದೋರು ಮಾತಾಡಿದ್ರ ನಿದ್ದಿ ಬರತೈತಿ ನೋಡು" ಅನ್ನುತ್ತಿದ್ದಳು. ಬಸಪ್ಪ ನನಗೆ ಬಹುವಚನ ಕೊಡುತ್ತಿದ್ದ, ಅವಳು ಕೊಡುತ್ತಿರಲಿಲ್ಲ. ಮಧ್ಯಾಹ್ನ "ಬಾ ತಮ್ಮಾ" ಅಂತ ಕರೆದು, ಬಿಸಿ ರೊಟ್ಟಿಯನ್ನು ಹೆಂಚಿನಿಂದ ತೆಗೆದು ನನ್ನ ಅಂಗೈ ಮೇಲೇ ಇಡುತ್ತಿದ್ದಳು. ಸುಟ್ಟು ಕುಣಿದರೆ ನಗು. ತಾಯಿ ಬಿಟ್ಟರೆ ನನಗೆ ಹಾಗೆ ಕೈಯಿಂದ ಕೈಗೆ ಅನ್ನ ಕೊಟ್ಟವಳು ಅವಳೊಬ್ಬಳೇ.

ಅವರಿಗೆ ಮಕ್ಕಳಿರಲಿಲ್ಲ. ಎರಡು ಹುಟ್ಟಿದ್ದವು, ಎರಡೂ ತಿಂಗಳು ತುಂಬುವ ಮೊದಲೇ ಹೋದವು. ಬಸಪ್ಪ ಹಿಂದೆಂದೋ ಚೀಲದ ಅಡಿಯಲ್ಲಿದ್ದ ಹಾವನ್ನು ಕೊಂದಿದ್ದೇ ಇದಕ್ಕೆ ಕಾರಣ ಅಂತ ನೆರೆಯವರು ಹೇಳಿ ಹೇಳಿ, ಅವನೂ ನಂಬಿದ್ದ. ಅದಕ್ಕೇ, ಹೊಟ್ಟಿನ ರಾಶಿಯಲ್ಲಿ ಒಂದು ಕೇರೆಮರಿ ಸಿಕ್ಕಾಗ ಎಲ್ಲರೂ ಕೋಲು ಎತ್ತಿದರೆ ಇವನು ಅಡ್ಡ ನಿಂತ. ಬೆರಳು ದಪ್ಪ, ಮೊಳದುದ್ದ, ಮುಖಕ್ಕಿಂತ ಕಣ್ಣೇ ದೊಡ್ಡದು. ಚಹಾಪುಡಿ ಬಂದ ಹಳೇ ಮರದ ಪೆಟ್ಟಿಗೆಗೆ ತಂತಿಬಲೆ ಹೊಡೆದು, ಒಳಗೆ ಹೊಟ್ಟು ಹಾಸಿ, ಇಂಜಿನ್ ಕೋಣೆಯ ಬೆಚ್ಚಗಿನ ಗೋಡೆಗೆ ಒತ್ತಿಟ್ಟ. ದೊಡ್ಡದಾದ ಮೇಲೆ ಗೋದಾಮಿಗೆ ಬಿಟ್ಟರೆ ಇಲಿ ಕಾಟ ತಪ್ಪುತ್ತದೆ ಅಂತ ಗಿರಣಿಯ ಸಾಹುಕಾರರನ್ನೂ ಒಪ್ಪಿಸಿದ.

ಒಂದು ಕಟ್ಟಪ್ಪಣೆ ಮಾತ್ರ ಇತ್ತು. "ತಿಂದ ಮ್ಯಾಲೆ ಮೂರು ದಿನ ಯಾರೂ ಮುಟ್ಟಂಗಿಲ್ಲ ರೈಟರೇ. ಹೊಟ್ಟ್ಯಾಗಿನ ಗಂಟು ಕರಗೋತನಕ ಅದರ ಪಾಡಿಗೆ ಅದನ್ನ ಬಿಡಬೇಕ್ರಿ." ನನಗೇ ಹೇಳಿದ್ದು, ಎರಡೆರಡು ಸಲ.

ಗಂಗವ್ವನಿಗೆ ಮೊದಮೊದಲು ಹೆದರಿಕೆ. ಪೆಟ್ಟಿಗೆಯ ಹತ್ತಿರ ಸುಳಿಯುತ್ತಿರಲಿಲ್ಲ. ಬರಬರುತ್ತ ದೂರದಿಂದ ನೋಡುವುದು, ಆಮೇಲೆ ಪಕ್ಕದಲ್ಲಿ ಕೂತು ಅದರ ಜೊತೆ ಮಾತಾಡುವುದು. ಬಸಪ್ಪ ತೊಗರ್ಸಿಗೆ ಹೋದ ಒಂದು ದಿನ, ತೌಡಿನ ಚೀಲದಲ್ಲಿ ಸಿಕ್ಕ ಇಲಿಮರಿಯೊಂದನ್ನು ತಾನೇ ಬಲೆ ಸರಿಸಿ ಒಳಗೆ ಹಾಕಿದಳು. ಅದು ನುಂಗಿತು. ಗಂಗವ್ವ ನನ್ನ ಮೇಜಿನ ತನಕ ಓಡಿಬಂದಳು. "ತಮ್ಮಾ, ನನ್ನ ಕೈಯಾಗಿಂದು ತಿಂತು! ಬಸವಣ್ಣನಾಣೆ, ನನ್ನ ಕೈಯಾಗಿಂದು ತಿಂತು!" ಎರಡೂ ಅಂಗೈ ಚಾಚಿ ನನಗೆ ತೋರಿಸಿದಳು, ಅದರಲ್ಲೇನೋ ಬರೆದಿದೆಯೇನೋ ಎಂಬಂತೆ. ಅಷ್ಟು ಖುಷಿಯ ಮುಖವನ್ನು ನಾನು ಕಂಡಿರಲಿಲ್ಲ.

ಅದೇ ಮಧ್ಯಾಹ್ನ ಉಳವಿಯಿಂದ ನನ್ನ ಇಬ್ಬರು ಗೆಳೆಯರು ಬಸ್ಸಿಳಿದು ಬಂದರು. ಊರಿನವರ ಮುಂದೆ ಸುಮ್ಮನಿರುವ ಆಸಾಮಿಯೇ ನಾನು? ಗಂಗವ್ವ ಕೆರೆಗೆ ಬಟ್ಟೆ ಒಗೆಯಲು ಹೋಗಿದ್ದಳು. ಬಲೆ ತೆಗೆದು ಹಾವನ್ನು ಎತ್ತಿ ಕೊರಳಿಗೆ ಹಾಕಿಕೊಂಡೆ. ಒಬ್ಬ "ಅಯ್ಯಯ್ಯೋ, ಕೇರೆ ಬಾಲದಲ್ಲಿ ಹೊಡೆದ್ರೆ ಮೈ ಕೊಳೀತದಂತೆ, ಬಿಡಾ ಮಾರಾಯ" ಅಂತ ಬಾಗಿಲಿಗೆ ಓಡಿದ. ಅವನು ಓಡಿದಷ್ಟೂ ನನಗೆ ಹುರುಪು. ಕೈಯಿಂದ ಕೈಗೆ ದಾಟಿಸಿದೆ, ಸುತ್ತಿದೆ, ಅವರ ಮುಖದ ಮುಂದೆ ಆಡಿಸಿದೆ. ಹಾವಿನ ಕೊರಳು ಒಂದು ಸಲ ಉಬ್ಬಿತು, ಬಾಯಿ ಅಗಲವಾಯಿತು, ಬೆಳಗಿನ ಇಲಿಮರಿ ಒದ್ದೆಯಾಗಿ ನನ್ನ ಬಿಳಿ ಅಂಗಿಯ ಮೇಲೆ ಬಿತ್ತು. ಆ ವಾಸನೆ ಇವತ್ತಿಗೂ ಗೊತ್ತು ನನಗೆ.

ಗೆಳೆಯರು ನಕ್ಕು ಸಂತೆಗೆ ಹೋದರು. ನಾನು ಮಾಡಿದ್ದು ಇದು. ಹಾವನ್ನು ಪೆಟ್ಟಿಗೆಗೆ ಬಿಟ್ಟೆ. ಆ ಇಲಿಯನ್ನು ಕಾಗದದಲ್ಲಿ ಎತ್ತಿ, ಅಲ್ಲೇ ಕಕ್ಕಿದಂತೆ ಕಾಣಲಿ ಅಂತ ಹಾವಿನ ಬಾಯಿಯ ಹತ್ತಿರ ಇಟ್ಟೆ. ಅಂಗಿ ತೊಳೆದೆ. ಪಾಪ ಹಸಿದಿದೆ ಅಂದುಕೊಂಡು ತೆಂಗಿನ ಗೆರಟೆಯಲ್ಲಿ ಹಾಲು ಬೇರೆ ಇಟ್ಟೆ. ಹಾವು ಮೂಸಲಿಲ್ಲ, ಇರುವೆಗಳಿಗೆ ಹಬ್ಬವಾಯಿತು.

ಸಂಜೆ ಗಂಗವ್ವ ಕಕ್ಕಿದ ಇಲಿಯನ್ನು ನೋಡಿ ಪೆಟ್ಟಿಗೆಯ ಮುಂದೆಯೇ ಕೂತುಬಿಟ್ಟಳು. ಆಮೇಲೆ ನನ್ನ ಹತ್ತಿರ ಬಂದಳು.

"ತಮ್ಮಾ, ನೀ ಏನಾರ ಅದನ್ನ ಮುಟ್ಟಿದ್ಯೇನು?"

"ಇಲ್ಲಕ್ಕ" ಅಂದೆ. ಒದ್ದೆ ಅಂಗಿ ಅವಳ ಹಿಂದೆಯೇ ಹಗ್ಗದ ಮೇಲೆ ನೇತಾಡುತ್ತಿತ್ತು. ಅವಳು ತಿರುಗಿ ನೋಡಲಿಲ್ಲ. ನನ್ನ ಮಾತೇ ಅವಳಿಗೆ ಸಾಕಾಗಿತ್ತು.

ಮರುದಿನ ಬಂದ ಬಸಪ್ಪ ಹಾವನ್ನು ನೋಡಿ ಯಾರನ್ನೂ ಬೈಯಲಿಲ್ಲ. "ಕಕ್ಕಿದ್ದಕ್ಕ ಗಂಟಲು ಹುಣ್ಣಾಗಿರತೈತಿ. ಹನ್ನೆರಡು ದಿನ ಏನೂ ಕೊಡಬ್ಯಾಡ್ರಿ, ನೀರು ಅಷ್ಟ" ಅಂದ. ಹಳೇ ಹೊಟ್ಟು ಚೆಲ್ಲಿ ಹೊಸದು ಹಾಕಿದ, ಕತ್ತಲೆಯಿರಲಿ ಅಂತ ಮೇಲೆ ಗೋಣಿ ಹೊದಿಸಿದ. ಆ ಹನ್ನೆರಡು ದಿನ ಗಂಗವ್ವ ಸರಿಯಾಗಿ ಉಣ್ಣಲಿಲ್ಲ. ನಾನು ಉಂಡೆ, ಅದೂ ಅವಳು ಮಾಡಿದ್ದನ್ನೇ.

ಹದಿಮೂರನೇ ದಿನ ಬಸಪ್ಪ ಕಣ್ಣು ಬಿಡದ ಇಲಿಮರಿ ಒಂದನ್ನು ಹುಡುಕಿ ತಂದ, ಹುಣಸೆಬೀಜಕ್ಕಿಂತ ಸ್ವಲ್ಪ ದೊಡ್ಡದು. "ನೀನ ಹಾಕು" ಅಂತ ಹೆಂಡತಿಗೆ ಚಾಚಿದ. ಅವಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

"ಬ್ಯಾಡ್ರಿ, ನೀವ ಹಾಕ್ರಿ. ನನ್ನ ಕೈಯಾಗಿಂದು ಯಾವುದು ನಿಂತೈತಿ?"

ಬಸಪ್ಪನೇ ಹಾಕಿದ. ಹಾವು ನುಂಗಿತು. ನಾಲ್ಕು ದಿನ ಕಾದೆವು, ಕಕ್ಕಲಿಲ್ಲ. ಹಾವು ಉಳಿಯಿತು. ಬಸಪ್ಪ ನಕ್ಕ, ಗಂಗವ್ವನೂ ನಕ್ಕಳು, ಆದರೆ ಆ ದಿನ ಅವಳ ಮನಸ್ಸಿನಲ್ಲಿ ಒಂದು ಮಾತು ಖಾಯಂ ಆಗಿ ಕೂತುಬಿಟ್ಟಿತು. ಗಂಡ ಕೊಟ್ಟದ್ದು ನಿಂತಿತು, ತಾನು ಕೊಟ್ಟದ್ದು ನಿಲ್ಲಲಿಲ್ಲ. ಹಾವು ಸತ್ತಿದ್ದರೆ ಬೇರೆ ಏನಾದರೂ ಕಾರಣ ಹುಡುಕುತ್ತಿದ್ದಳೇನೋ. "ಅಕ್ಕಾ, ಎತ್ತಿ ಕುಣಿಸಿದ್ದು ನಾನು" ಅನ್ನುವುದು ನನ್ನ ನಾಲಿಗೆ ತುದಿಗೆ ಬಂದಿತ್ತು. ಹಾವು ಕಕ್ಕಿತು, ನಾನು ಕಕ್ಕಲಿಲ್ಲ.

ಅವತ್ತಿನಿಂದ ರೊಟ್ಟಿ ನನ್ನ ಅಂಗೈಗೆ ಬರಲಿಲ್ಲ. ತಟ್ಟೆಯನ್ನು ಜಗಲಿಯ ಮೇಲೆ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದು "ತಗೋ ತಮ್ಮಾ" ಅನ್ನುತ್ತಿದ್ದಳು. ನನಗೆ ಕೆಡುಕಾಗದಿರಲಿ ಅಂತ! ಥೂ, ನನ್ನ ಜನ್ಮಕ್ಕಿಷ್ಟು. ಮಾರನೇ ವರ್ಷ ಸೊರಬದಲ್ಲಿ ಕೆಲಸ ಸಿಕ್ಕಿ ಹೊರಟಾಗ ಬುತ್ತಿ ಕಟ್ಟಿದ್ದಳು. ಬಸ್ಸಿನ ಹತ್ತಿರ ಅದನ್ನು ಬಸಪ್ಪನ ಕೈಗೆ ಕೊಟ್ಟು "ನೀವ ಕೊಡ್ರಿ, ದಾರ್‍ಯಾಗ ಹೋಗೋರು" ಅಂದಳು.

ಎಷ್ಟೋ ವರ್ಷದ ಮೇಲೆ ಶಿಕಾರಿಪುರಕ್ಕೆ ಹೋದಾಗ ಗಿರಣಿ ಇರಲಿಲ್ಲ. ಅವರು ತೊಗರ್ಸಿಗೆ ವಾಪಸು ಹೋದರು ಅಂತ ಪಕ್ಕದ ಅಂಗಡಿಯವರು ಹೇಳಿದರು. ತೊಗರ್ಸಿ ಬಸ್ಸು ಎದುರಿಗೇ ನಿಂತಿತ್ತು. ನಾನು ಸೊರಬದ ಬಸ್ಸು ಹತ್ತಿದೆ. ಇದನ್ನು ನನ್ನ ಹೆಂಡತಿಗೂ ಹೇಳಿರಲಿಲ್ಲ.

ಇಷ್ಟು ಬರೆದು ಪೆನ್ನು ಕೆಳಗಿಟ್ಟು ಅಡುಗೆಮನೆಗೆ ಹೋದೆ. ಸೊಸೆ ಡಾಕ್ಟರಿಗೆ ತೋರಿಸಬೇಕೇನೋ ಅಂತ ಫೋನಿನಲ್ಲಿ ತಾಯಿಯ ಹತ್ತಿರ ಮಾತಾಡುತ್ತಿದ್ದಳು, ಕಣ್ಣು ಒದ್ದೆ. ಮುಗಿಯುವ ತನಕ ನಿಂತಿದ್ದೆ.

"ನಿನ್ನ ಹಾಲಿನ ತಪ್ಪಲ್ಲಮ್ಮ. ನೀನು ಬೇಡ ಅಂದ ಮೇಲೂ ನಾನು ಎತ್ತಿ ಹಾರಿಸಿದೆ. ಅದಕ್ಕೇ ಕಕ್ಕಿದ್ದು. ನಿನ್ನೆನೂ ನಾನೇ."

"ಅಷ್ಟೇನಾ ಮಾವ? ಅಯ್ಯೋ, ಆಗಲೇ ಹೇಳಬಾರದಿತ್ತಾ!" ಅಂತ ಕಣ್ಣೊರೆಸಿಕೊಂಡು ನಕ್ಕೇಬಿಟ್ಟಳು. ಆಮೇಲೆ ಒಲೆಯ ಮೇಲಿದ್ದ ಕಾಫಿ ಬಗ್ಗಿಸಿ, ಲೋಟವನ್ನು ಕಟ್ಟೆಯ ಮೇಲೆ ಇಡದೆ, ನನ್ನ ಕೈಗೇ ಕೊಟ್ಟಳು. ಬಿಸಿಯಿತ್ತು. ಹಿಡಿದುಕೊಂಡೇ ನಿಂತೆ.